ಪಂಕ್ ಝೀನ್ ಮಾಡಲು ಹೋದೆ, ಬ್ಯಾಂಕ್ ವರದಿ ಆಯ್ತು

ಗ್ರಿಡ್‌ಗುಲಾಮ
ನಮಸ್ಕಾರ. ಹನ್ನೊಂದು ವರ್ಷದಿಂದ ಡಿಸೈನ್ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ವಾರ್ಷಿಕ ವರದಿ, ಯಂತ್ರಗಳ ಕೈಪಿಡಿ, ಅರ್ಜಿ ಫಾರ್ಮು, ಇಂಥವೇ. ಖಾಲಿ ಪುಟ ತೆರೆದ ಕೂಡಲೇ ಮೊದಲು ಗ್ರಿಡ್ (ಅಕ್ಷರ, ಚಿತ್ರ ಸಾಲಾಗಿ ಕೂರಿಸಲು ಅಡ್ಡ, ಉದ್ದ ಗೆರೆಗಳ ಚೌಕಟ್ಟು) ಎಳೆಯುತ್ತೇನೆ, ಆಮೇಲೆ ಉಸಿರು ಬಿಡುತ್ತೇನೆ. ಎರಡು ಸಾಲಿನ ನಡುವೆ ಅರ್ಧ ಪಾಯಿಂಟ್ ಜಾಸ್ತಿಯಾದರೂ ಕಣ್ಣಿಗೆ ಚುಚ್ಚುತ್ತದೆ.

ಈಗ ವಿಷಯ. ನನ್ನ ಮೂವರು ಗೆಳೆಯರು ಪಂಕ್ ಬ್ಯಾಂಡ್ ಕಟ್ಟಿದ್ದಾರೆ. ಪಂಕ್ ಅಂದರೆ ಒರಟು, ಸಿಟ್ಟಿನ ರಾಕ್ ಸಂಗೀತ. ಇನ್ನು ಇಪ್ಪತ್ತು ದಿನಕ್ಕೆ ಮೊದಲ ಶೋ. ಬಂದವರ ಕೈಗೆ ಕೊಡಲು 16 ಪುಟದ ಝೀನ್, ಅಂದರೆ ನಾವೇ ಮಾಡಿ ಹಂಚುವ ಪುಟ್ಟ ಪತ್ರಿಕೆ, ಬೇಕಂತೆ. "ನಿನಗೆ ಡಿಸೈನ್ ಬರುತ್ತಲ್ಲ, ಮಾಡಿಬಿಡು" ಅಂದರು. ನಾನೂ ಹೂಂ ಅಂದೆ.

ಮೂರು ಸಂಜೆ ಕೂತು ಮಾಡಿದೆ. ಹರಿದ ಕಾಗದದ ಚಿತ್ರಗಳನ್ನು ಡೌನ್‌ಲೋಡ್ ಮಾಡಿದೆ. ಪೇಪರ್‌ನಿಂದ ಕತ್ತರಿಸಿದ ಹಾಗೆ ಕಾಣುವ ಫಾಂಟ್ ಹಾಕಿದೆ. ಕಲೆ, ಗೀರು, ಟೋನರ್ ಮಸಿ ಎಲ್ಲವನ್ನೂ ಲೇಯರ್ ಮೇಲೆ ಲೇಯರ್ ಜೋಡಿಸಿದೆ. ಡ್ರಮ್ಮರ್‌ಗೆ ತೋರಿಸಿದೆ. ಒಂದು ನಿಮಿಷ ನೋಡಿ, "ಚೆನ್ನಾಗಿದೆ. ಯಾವ ಕಂಪನಿದು?" ಅಂದ.

ಅವನು ಹೋದ ಮೇಲೆ ಫೈಲ್ ತೆರೆದು ನೋಡಿದೆ. ಅಂಕುಡೊಂಕಾಗಿ ಕಾಣಲಿ ಅಂತ ತಿರುಗಿಸಿದ ಅಕ್ಷರಗಳು ಒಂದು ಬಿಟ್ಟು ಒಂದು, ಎಡಕ್ಕೆ 7 ಡಿಗ್ರಿ, ಬಲಕ್ಕೆ 7 ಡಿಗ್ರಿ. ಒಂದೇ ಅಕ್ಷರ ನಾಲ್ಕು ಕಡೆ ಬಂದರೆ ನಾಲ್ಕೂ ಕಡೆ ಅದೇ ಹರುಕು. ಕಲೆಗಳು ಮಾರ್ಜಿನ್‌ಗೆ ಸರಿಯಾಗಿ ಕೂತಿದ್ದವು. ಕಲೆ ಸ್ವಾಮಿ, ಕಲೆ! ಅದನ್ನೂ ಅಲೈನ್ ಮಾಡಿದ್ದೇನೆ.

ಇದರಿಂದ ಬಿಡಿಸಿಕೊಳ್ಳುವುದು ಹೇಗೆ? ಮಾಡಿ ಗೊತ್ತಿದ್ದವರು ಹೇಳಿ.

ಕತ್ತರಿಕೈ
ಕಂಪ್ಯೂಟರ್ ಆಫ್ ಮಾಡಿ. ಅಷ್ಟೇ.

ಮೂರುತಂತಿ
"ಯಾವ ಕಂಪನಿದು" ಅಂದವನನ್ನು ಬೈಯಬೇಡಿ. ಅವನೇ ನಿಮ್ಮ ಎಡಿಟರ್.

ಹಳೇಟೋನರ್
ಬ್ಯಾಂಕ್ ಅಂತ ಬೇಜಾರು ಮಾಡಿಕೊಳ್ಳಬೇಡಿ. 1976ರ ಜುಲೈನಲ್ಲಿ ಲಂಡನ್ನಿನಲ್ಲಿ 'ಸ್ನಿಫಿನ್ ಗ್ಲೂ' ಎಂಬ ಪಂಕ್ ಝೀನ್ ಶುರು ಮಾಡಿದ ಮಾರ್ಕ್ ಪೆರಿ ಬ್ಯಾಂಕ್ ಗುಮಾಸ್ತನೇ ಆಗಿದ್ದ. ವಯಸ್ಸು 19. ರಮೋನ್ಸ್ ಎಂಬ ಅಮೆರಿಕದ ಪಂಕ್ ತಂಡದ ಒಂದು ಹಾಡಿನಿಂದ ಹೆಸರು ಎತ್ತಿಕೊಂಡ. ಮಕ್ಕಳ ಟೈಪ್‌ರೈಟರ್‌ನಲ್ಲಿ ಬಡಿದ, ತಲೆಬರಹಕ್ಕೆ ಸ್ಕೆಚ್ ಪೆನ್ ಹಿಡಿದ. ತಪ್ಪಾದ ಪದವನ್ನು ಹೊಡೆದು ಹಾಕಿ ಪಕ್ಕದಲ್ಲೇ ಮುಂದುವರಿಸಿದ. ಮೊದಲ ಸಂಚಿಕೆ 50 ಪ್ರತಿ. ಮುಂದೆ ಸಾವಿರಗಟ್ಟಲೆ ಹೋಯಿತು. ನಮ್ಮದನ್ನೇ ಓದುತ್ತ ಕೂರಬೇಡಿ, ನಿಮ್ಮದೇ ಶುರು ಮಾಡಿ ಅಂತ ಓದುಗರಿಗೆ ಹೇಳಿದ. 1977ರಲ್ಲಿ ತಾನೇ ನಿಲ್ಲಿಸಿಯೂ ಬಿಟ್ಟ.

ಒಂದು ಗಮನಿಸಿ. ಆ ಪುಟಗಳು ಅಂಕುಡೊಂಕಾಗಿ ಕಾಣಲಿ ಅಂತ ಅವನು ಕೂತು ಯೋಚಿಸಲಿಲ್ಲ. ನೋಡಿದ ಶೋ ಬಗ್ಗೆ ಬಿಸಿ ಆರುವ ಮೊದಲು ಬರೆದು ಹಂಚಬೇಕಿತ್ತು. ನಿಮಗೆ ಇಪ್ಪತ್ತು ದಿನ ಇದೆ ಅಲ್ವಾ? ಅದೇ ಜಾಸ್ತಿಯಾಯಿತು. ನಾಲ್ಕು ದಿನದಲ್ಲಿ ಮುಗಿಸಿ.

ಪೆನ್ಸಿಲ್‌ಮೊನೆ
ಮೂರು ಕಾರ್ಡ್ ಚಿತ್ರ ಬರೆದು "ಈಗ ಬ್ಯಾಂಡ್ ಕಟ್ಟಿ" ಅಂದದ್ದು ಇದೇ ಸ್ನಿಫಿನ್ ಗ್ಲೂ ತಾನೇ? ಟೀ ಶರ್ಟ್ ಮೇಲೆಲ್ಲ ಬರುತ್ತದಲ್ಲ.

ಮೂರುತಂತಿ
ಅಲ್ಲ. ಎಲ್ಲರೂ ಹಾಗೆ ಹೇಳುತ್ತಾರೆ, ಎಲ್ಲರೂ ತಪ್ಪು. ಅದು 1977ರ ಜನವರಿಯಲ್ಲಿ 'ಸೈಡ್‌ಬರ್ನ್ಸ್' ಎಂಬ ಬೇರೆ ಝೀನಿನಲ್ಲಿ ಬಂದದ್ದು. ಇದೊಂದು ಕಾರ್ಡ್, ಇದು ಇನ್ನೊಂದು, ಇದು ಮೂರನೆಯದು, ಈಗ ಬ್ಯಾಂಡ್ ಕಟ್ಟಿ. ಎ, ಇ, ಜಿ. ಗಿಟಾರ್ ಹಿಡಿದ ಮೊದಲ ವಾರವೇ ನಾನು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೆ.

ಸುಮ್ನೆಓದುಗ
ಕಾರ್ಡ್ ಅಂದರೆ ಯಾವ ಕಾರ್ಡು ಅಂತ ಎರಡು ನಿಮಿಷ ಯೋಚಿಸಿದೆ. ಗಿಟಾರ್‌ನಲ್ಲಿ ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಕಾರ್ಡಾ. ಸರಿ.

ಟೀಕೆರಾಯ
ನನಗೆ ಈ ಚರ್ಚೆಯೇ ತಮಾಷೆಯಾಗಿ ಕಾಣುತ್ತದೆ. ಐವತ್ತು ವರ್ಷದ ಹಿಂದೆ ಅವರ ಕೈಗೆ ಸಿಕ್ಕಿದ್ದು ಟೈಪ್‌ರೈಟರ್, ಕತ್ತರಿ, ಜೆರಾಕ್ಸ್. ಹಾಗಾಗಿ ಹಾಗೆ ಮಾಡಿದರು. ನಿಮ್ಮ ಕೈಯಲ್ಲಿರುವುದು ಲ್ಯಾಪ್‌ಟಾಪ್. ಅದನ್ನು ಬದಿಗಿಟ್ಟು ಕತ್ತರಿ ಹುಡುಕುವುದು ನಾಟಕದ ವೇಷ ಹಾಕಿದ ಹಾಗೆ. ಹರಿದ ಕಾಗದದ ಫೋಟೊ ಹಾಕಿದರೂ ವೇಷ, ನಿಜವಾದ ಕಾಗದ ಹರಿದರೂ ವೇಷ. ವ್ಯತ್ಯಾಸ ಏನು?

ಕತ್ತರಿಕೈ
ಕತ್ತರಿ ಮೇಜಿನ ಡ್ರಾಯರ್‌ನಲ್ಲೇ ಇದೆ ರಾಯರೇ, ಮ್ಯೂಸಿಯಂನಲ್ಲಿ ಅಲ್ಲ.

ಬಣ್ಣದಕ್ಕ
ವ್ಯತ್ಯಾಸ ಇದೆ. ಕಂಪ್ಯೂಟರ್‌ನಲ್ಲಿ ತಪ್ಪು ಮಾಡಿದರೆ ಹಿಂದಕ್ಕೆ ಹೋಗಬಹುದು. ಗಮ್ ಹಾಕಿ ಅಂಟಿಸಿದ ಮೇಲೆ ಹಿಂದಕ್ಕೆ ಹೋಗಲು ಬಟನ್ ಇಲ್ಲ. ಕಿತ್ತರೆ ಕೆಳಗಿನ ಕಾಗದವೂ ಬರುತ್ತದೆ. ಆಗ ಆ ಗಾಯವನ್ನು ಮುಚ್ಚಲು ಇನ್ನೊಂದು ತುಂಡು ಹುಡುಕುತ್ತೀರಿ. ಆ ತುಂಡು ನೀವು ಯೋಚಿಸಿದ್ದಾಗಿರುವುದಿಲ್ಲ, ಕೈಗೆ ಸಿಕ್ಕಿದ್ದು. ಪುಟ ಅಲ್ಲಿಂದ ಬೇರೆಯದೇ ಆಗುತ್ತದೆ.

ಇನ್ನೊಂದು. ಪಂಕ್ ಅಂದರೆ ಡಿಸೈನ್ ಗೊತ್ತಿಲ್ಲದವರು ಮಾಡಿದ್ದು ಅಂತ ಒಂದು ಕತೆ ಓಡಾಡುತ್ತದೆ. ಅರ್ಧ ಸುಳ್ಳು. ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ಗೆ ಕೆಲಸ ಮಾಡಿದ ಜೇಮಿ ರೀಡ್ ಕಲಾ ಶಾಲೆಯಲ್ಲಿ ಓದಿದವರು. ಪತ್ರಿಕೆಯ ಅಕ್ಷರ ಕತ್ತರಿಸಿ, ಅಪಹರಣಕಾರರು ಬರೆಯುವ ಪತ್ರದಂತೆ ಅಂಟಿಸುವ ಕೈಚಳಕವನ್ನು ಅದಕ್ಕೂ ಮೊದಲೇ, ಕಾಸಿಲ್ಲದ ಒಂದು ಸಣ್ಣ ಪತ್ರಿಕೆ ನಡೆಸುವಾಗ ಪಳಗಿಸಿಕೊಂಡಿದ್ದರು. 1977ರಲ್ಲಿ ಬ್ರಿಟನ್ನಿನ ರಾಣಿಯ ಫೋಟೊದ ಕಣ್ಣು, ಬಾಯಿ ಮುಚ್ಚಿ ಅದೇ ಅಕ್ಷರ ಹಾಕಿದರು. ಅದೇ ವರ್ಷ ಬಜ್‌ಕಾಕ್ಸ್ ತಂಡದ ಒಂದು ಸಿಂಗಲ್‌ನ ಕವರ್ ಮೇಲೆ ಹೆಣ್ಣಿನ ದೇಹಕ್ಕೆ ತಲೆಯ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಕೂರಿಸಿದ ಕಲಾವಿದೆ ಲಿಂಡರ್ ಓದಿದ್ದೂ ಗ್ರಾಫಿಕ್ ಡಿಸೈನ್. ಆ ಇಸ್ತ್ರಿಪೆಟ್ಟಿಗೆಯ ಅಳತೆ, ಕೋನ ನೋಡಿ. ಒಂದು ಕೂದಲೆಳೆ ಆಚೀಚೆ ಇಲ್ಲ. ಕಲಿತದ್ದನ್ನು ಮರೆಯಬೇಕು ಅಂತ ಯಾರೂ ಹೇಳಲಿಲ್ಲ.

ಟೀಕೆರಾಯ
ಅಕ್ಕಾ, ನೀವು ನನ್ನ ವಾದವನ್ನೇ ಗಟ್ಟಿ ಮಾಡಿದಿರಿ. ಅವರು ಕಲಿತವರು, ಬೇಕೆಂದೇ ಹಾಗೆ ಮಾಡಿದರು. ಅಂದರೆ ಅದೂ ಒಂದು ಶೈಲಿ. ಗುಲಾಮರು ಮಾಡಿದ್ದೂ ಶೈಲಿ. ಇವರದು ಕೆಟ್ಟದಾಗಿ ಬಂದಿದೆ, ಅಷ್ಟೇ.

ಗ್ರಿಡ್‌ಗುಲಾಮ
ಧನ್ಯವಾದ ಸರ್, ಮನಸ್ಸಿಗೆ ಹಾಯಾಯಿತು.

ಹಳೇಟೋನರ್
ಹಹ್ಹ. ಆದರೆ ರಾಯರು ಹೇಳಿದ್ದರಲ್ಲಿ ಒಂದು ಅಂಶ ಇದೆ, ತಳ್ಳಿಹಾಕಬೇಡಿ. ಪಂಕ್ ಝೀನ್ ಎಲ್ಲವೂ ಹರುಕುಮುರುಕಾಗಿ ಇರಲಿಲ್ಲ. ನ್ಯೂಯಾರ್ಕಿನ 'ಪಂಕ್' ಪತ್ರಿಕೆಯ ಮೊದಲ ಸಂಚಿಕೆ 1976ರ ಜನವರಿಯದು. ಸ್ನಿಫಿನ್ ಗ್ಲೂಗಿಂತಲೂ ಮೊದಲು. ಅದರ ಜಾನ್ ಹೋಮ್‌ಸ್ಟ್ರಮ್ ಕಾಮಿಕ್ಸ್ ಕಲಿತವರು. ಸಂದರ್ಶನವನ್ನೂ ಕೈಬರಹದಲ್ಲೇ, ಕಾಮಿಕ್ಸ್ ಥರ ಬರೆದರು. ಇನ್ನು 1982ರಿಂದ 2019ರವರೆಗೆ ಮುದ್ರಣದಲ್ಲಿ ಬಂದ ಅಮೆರಿಕದ ಪಂಕ್ ಪತ್ರಿಕೆ 'ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್' ತೆರೆದರೆ ಕಾಲಮ್ ಕಾಲಮ್ ಸಣ್ಣಕ್ಷರ, ಇರುವೆ ಸಾಲಿನ ಹಾಗೆ. ನಿಮ್ಮ ಗ್ರಿಡ್ ಅಲ್ಲೂ ಬದುಕುತ್ತಿತ್ತು.

ಸುಮ್ನೆಓದುಗ
ಇದನ್ನು ಝೀನ್ ಅನ್ನಬೇಕಾ, ಝೈನ್ ಅನ್ನಬೇಕಾ?

ಮೂರುತಂತಿ
ಝೀನ್. ಮ್ಯಾಗಝೀನ್‌ನ ಬಾಲ. 1940ರಲ್ಲಿ ವಿಜ್ಞಾನ ಕತೆಗಳ ಅಭಿಮಾನಿಯೊಬ್ಬರು 'ಫ್ಯಾನ್‌ಝೀನ್' ಅಂದರು. ಆಮೇಲೆ ಫ್ಯಾನ್ ಉದುರಿತು.

ಪೆನ್ಸಿಲ್‌ಮೊನೆ
ನಾನು ಇಷ್ಟು ದಿನ ಜೀನ ಅಂತ ಓದುತ್ತಿದ್ದೆ. ಕಾಸು ಬಿಚ್ಚದೆ ಮಾಡುವುದು ತಾನೇ, ಅದೂ ಸರಿಯೇ ಅಂದುಕೊಂಡಿದ್ದೆ.

ಬಣ್ಣದಕ್ಕ
ಜೀನು ಅಂದರೆ ಕುದುರೆಯ ತಡಿಯೂ ಹೌದು. ಮಡಿಕೆಯ ಮೇಲೆ ಪಿನ್ ಹೊಡೆಯುವ ಬೈಂಡಿಂಗಿಗೆ ಹೆಸರೇ ಸ್ಯಾಡಲ್ ಸ್ಟಿಚ್. ಯಾವ ಕಡೆಯಿಂದ ಬಂದರೂ ಜೀನೇ.

ಅಂಟುಗೈ
ವಿಷಯಕ್ಕೆ ಬನ್ನಿ ಮಾರಾಯರೇ. ಐದಾರು ಝೀನ್ ಮಾಡಿದ್ದೇನೆ, ಗೊತ್ತಿದ್ದಷ್ಟು ಹೇಳುತ್ತೇನೆ.

ಜೆರಾಕ್ಸ್ ಮಷೀನನ್ನು ಪ್ರತಿ ತೆಗೆಯುವ ಡಬ್ಬಿ ಅಂದುಕೊಳ್ಳಬೇಡಿ. ಅದೇ ನಿಮ್ಮ ಬ್ರಷ್. ಒಂದು ಫೋಟೊ ಇಟ್ಟು ಕಾಪಿ ತೆಗೆಯಿರಿ. ಆ ಕಾಪಿಯ ಕಾಪಿ ತೆಗೆಯಿರಿ. ನಾಲ್ಕೈದು ಸಲ ಆಗುವಾಗ ಮುಖದ ಬೂದು ಬಣ್ಣವೆಲ್ಲ ಹೋಗಿ ಕಪ್ಪು ಬಿಳಿ ಮಾತ್ರ ಉಳಿಯುತ್ತದೆ. ಕಣ್ಣು ಎರಡು ಗುಂಡಿ, ಮೂಗಿನ ಕೆಳಗೊಂದು ಗೆರೆ. ದೀಪ ಓಡುವಾಗ ಕಾಗದವನ್ನು ಮೆಲ್ಲಗೆ ಎಳೆದರೆ ಮುಖ ಜಾರುತ್ತದೆ. ದೀಪ ಓಡುವ ದಿಕ್ಕಿಗೇ ಎಳೆದರೆ ಉದ್ದವಾಗುತ್ತದೆ, ಎದುರು ದಿಕ್ಕಿಗೆ ಎಳೆದರೆ ಕುಗ್ಗುತ್ತದೆ. ಎರಡು ಸಲ ಒಂದೇ ಥರ ಬರುವುದೇ ಇಲ್ಲ. 7 ಡಿಗ್ರಿಯ ಕಾಯಿಲೆಗೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ.

ಅಂಟಿಗೆ ಗ್ಲೂ ಸ್ಟಿಕ್ ಸಾಕು. ನೀರಿರುವ ಬಿಳಿ ಗಮ್ ಹಚ್ಚಿದರೆ ಕಾಗದ ಉಬ್ಬಿ ಹಪ್ಪಳವಾಗುತ್ತದೆ. ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ. ಹೆಚ್ಚಿನ ಮಷೀನುಗಳು ಕಾಗದದ ತುದಿಯವರೆಗೆ ಅಚ್ಚು ಹಾಕುವುದಿಲ್ಲ. ಅಂಟಿಸಿದ ತುಂಡಿನ ಅಂಚು ನೆರಳು ಗೆರೆಯಾಗಿ ಬೀಳುತ್ತದೆ. ಅದನ್ನು ಅಳಿಸಬೇಡಿ, ಇರಲಿ.

ಪುಟದ ಲೆಕ್ಕ: 16 ಪುಟ ಅಂದರೆ ನಾಲ್ಕು ಎ4 ಹಾಳೆ, ಅರ್ಧಕ್ಕೆ ಮಡಿಸಿದ್ದು. ಹಾಳೆಯ ಒಂದು ಬದಿಯಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳನ್ನು ಕೂಡಿದರೆ 17 ಬರಬೇಕು. 16 ಮತ್ತು 1, ಅದರ ಬೆನ್ನಿಗೆ 2 ಮತ್ತು 15. ಹೀಗೇ ಒಳಗೆ ಹೋಗಿ. ಮೊದಲು ಖಾಲಿ ಹಾಳೆ ಮಡಿಸಿ, ನಂಬರ್ ಬರೆದು, ಬಿಚ್ಚಿ ನೋಡಿ. ನಾನು ಬುದ್ಧಿವಂತ, ತಲೆಯಲ್ಲೇ ಲೆಕ್ಕ ಹಾಕುತ್ತೇನೆ ಅಂತ ಮಾತ್ರ ಹೊರಡಬೇಡಿ.

ಗ್ರಿಡ್‌ಗುಲಾಮ
ಹನ್ನೊಂದು ವರ್ಷದಿಂದ ಪುಸ್ತಕ ಜೋಡಿಸುತ್ತಿದ್ದೇನೆ ಸರ್, ಆ 17ರ ಲೆಕ್ಕ ನಿದ್ದೆಯಲ್ಲೂ ಬರುತ್ತದೆ :)

ಅಂಟುಗೈ
ಬರೆದಿಟ್ಟುಕೊಳ್ಳುತ್ತೇನೆ.

ಒತ್ತಕ್ಷರ
ಪತ್ರಿಕೆ ಅಕ್ಷರ ಕತ್ತರಿಸಿ ಅಂಟಿಸುವ ಆಸೆ ಇದ್ದರೆ ಒಂದು ಎಚ್ಚರಿಕೆ. ಇಂಗ್ಲಿಷಿನವರು ಇಪ್ಪತ್ತಾರು ಅಕ್ಷರ ಕತ್ತರಿಸಿ ಡಬ್ಬಿಯಲ್ಲಿಟ್ಟರೆ ಯಾವ ಪದ ಬೇಕಾದರೂ ಕಟ್ಟುತ್ತಾರೆ. ಕನ್ನಡದಲ್ಲಿ ಹಾಗಾಗುವುದಿಲ್ಲ. 'ಸಿಟ್ಟು' ಅಂತ ಬೇಕು ಅನ್ನಿ. 'ಸಿ' ಸಿಗುತ್ತದೆ. 'ಟ' ಸಿಗುತ್ತದೆ. 'ಟ್ಟು' ಇಡಿಯಾಗಿ ಬೇಕು. ಅದಕ್ಕೆ ನಾನು ಅಕ್ಷರ ಹುಡುಕುವುದಿಲ್ಲ, ಪದದ ಬಾಲ ಹುಡುಕುತ್ತೇನೆ. 'ಕೊಟ್ಟು', 'ಬಿಟ್ಟು', 'ಪಟ್ಟು', ಇವುಗಳಲ್ಲಿ ಒಂದಿಲ್ಲದ ಪತ್ರಿಕೆಯನ್ನು ನಾನು ಕಂಡಿಲ್ಲ. ಬಾಲ ಕತ್ತರಿಸಿ 'ಸಿ'ಗೆ ಅಂಟಿಸಿದರೆ ಆಯಿತು.

ಇನ್ನೂ ಮಜಾ ಬೇಕಾದರೆ ಒತ್ತನ್ನು ಬೇರೆಯಾಗಿ ಕತ್ತರಿಸಿ. ಸಣ್ಣ ಅಕ್ಷರದ ಕೆಳಗೆ ಮುಖಪುಟದ ತಲೆಬರಹದಿಂದ ತೆಗೆದ ದಪ್ಪ ಒತ್ತು ಅಂಟಿಸಿ ನೋಡಿ. ಪದವೇ ಕಾಲು ಅಪ್ಪಳಿಸಿದ ಹಾಗೆ ಕಾಣುತ್ತದೆ. ಈ ಸೌಲಭ್ಯ ಇಂಗ್ಲಿಷಿನವರಿಗಿಲ್ಲ.

ಅಪಾಯವೂ ಇದೆ. ನಮ್ಮ ಝೀನಿನಲ್ಲಿ 'ಕತ್ತೆ' ಅಂತ ಒಂದು ಹಾಡಿತ್ತು. ತಲೆಬರಹವನ್ನು ಹೀಗೇ ಅಂಟಿಸಿದ್ದೆವು. ಕಾಪಿ ತೆಗೆಯುವಾಗ ಒತ್ತು ಉದುರಿತು. ಅರವತ್ತು ಪ್ರತಿಯಲ್ಲೂ ಹಾಡಿನ ಹೆಸರು 'ಕತೆ'. ಅಷ್ಟಕ್ಕೇ ಮುಗಿಯಲಿಲ್ಲ. ಉದುರಿದ ಒತ್ತು ಗಾಜಿಗೆ ಅಂಟಿಕೊಂಡಿತ್ತು. ಮುಂದಿನ ಪ್ರತಿ ಪುಟದ ಬಲ ಮೂಲೆಯಲ್ಲೂ ಒಂದು ಪುಟ್ಟ ತ ಒತ್ತು. ಓದಿದವರು ಅದನ್ನು ನಮ್ಮ ಬ್ಯಾಂಡಿನ ಚಿಹ್ನೆ ಅಂದುಕೊಂಡರು. ಎರಡನೇ ಸಂಚಿಕೆಗೆ ನಾವೇ ಬೇಕೆಂದು ಹಾಕಿದೆವು.

ಟೀಕೆರಾಯ
ನೋಡಿದಿರಾ, ಎರಡನೇ ಸಂಚಿಕೆಯಲ್ಲಿ ಅದು ಶೈಲಿಯಾಯಿತು. ನಾನು ಹೇಳಿದ್ದು ಇದನ್ನೇ.

ಒತ್ತಕ್ಷರ
ಹೌದು ರಾಯರೇ, ಎರಡನೇ ಸಂಚಿಕೆ ಮೊದಲನೆಯದರಷ್ಟು ಚೆನ್ನಾಗಿರಲಿಲ್ಲ. ಒಪ್ಪಿಕೊಂಡೆ.

ಗ್ರಿಡ್‌ಗುಲಾಮ
ಎರಡು ದಿನ ಆಯಿತು, ವರದಿ ಕೊಡುತ್ತಿದ್ದೇನೆ. ಕಂಪ್ಯೂಟರ್ ಆಫ್. ಮೇಜಿನ ಮೇಲೆ ಹಳೇ ಪತ್ರಿಕೆ, ಕತ್ತರಿ, ಗ್ಲೂ ಸ್ಟಿಕ್. ಶುರು ಮಾಡಿದೆ.

ಮೊದಲ ಪುಟ ಮುಗಿಸಿ ದೂರ ಹಿಡಿದು ನೋಡಿದರೆ ಎಲ್ಲ ನೆಟ್ಟಗೆ. ಕೈಯೇ ನೆಟ್ಟಗೆ ಅಂಟಿಸುತ್ತದೆ. ಎರಡನೇ ಪುಟಕ್ಕೆ ಎಡಗೈಯಲ್ಲಿ ಕತ್ತರಿಸಿದೆ. ಅಂಚು ಹರುಕಾಯಿತು, ಆದರೆ ಅಂಟಿಸುವಾಗ ಮತ್ತೆ ಎಡ ಮಾರ್ಜಿನ್‌ಗೆ ತಾಗಿಸಿ ಕೂರಿಸಿದ್ದೆ. ನಾಚಿಕೆಯಿಂದ ಹೇಳುತ್ತೇನೆ, ಮೂರನೇ ಪುಟದಲ್ಲಿ ಸ್ಕೇಲ್ ತೆಗೆದೆ. ಯಾರೂ ನೋಡುತ್ತಿರಲಿಲ್ಲ.

ಕತ್ತರಿಕೈ
ಸ್ಕೇಲನ್ನು ಡ್ರಮ್ಮರ್ ಕೈಗೆ ಕೊಟ್ಟು ಬನ್ನಿ. ಅವನಿಗೆ ಬಡಿಯಲು ಆಗುತ್ತದೆ.

ಪೆನ್ಸಿಲ್‌ಮೊನೆ
ಎಡಗೈ ಗಿಡಗೈ ಎಲ್ಲ ಬೇಡ. ಗಡಿಯಾರ ಇಟ್ಟುಕೊಳ್ಳಿ. ಒಂದು ಪುಟಕ್ಕೆ ಇಪ್ಪತ್ತು ನಿಮಿಷ. ಗಂಟೆ ಹೊಡೆದರೆ ಮುಟ್ಟಬಾರದು. ನಾನು ಹಾಗೇ ಮಾಡುತ್ತೇನೆ. ಹದಿನೈದನೇ ನಿಮಿಷದವರೆಗೆ ಚಂದ ಮಾಡಲು ನೋಡುತ್ತೇನೆ. ಕೊನೆಯ ಐದು ನಿಮಿಷದಲ್ಲಿ ಪುಟ ಆಗುತ್ತದೆ.

ಬಣ್ಣದಕ್ಕ
ಇದು ಒಳ್ಳೆ ಉಪಾಯ. ಜೊತೆಗೆ ಒಬ್ಬರೇ ಕೂರಬೇಡಿ. ಪ್ರತಿ ಪುಟವನ್ನು ಅರ್ಧ ಮಾಡಿ ಪಕ್ಕದವರಿಗೆ ದಾಟಿಸಿ. ಅವರು ನಿಮ್ಮ ಅರ್ಧವನ್ನು ಹಾಳು ಮಾಡಲಿ, ನೀವು ಅವರದನ್ನು ಮಾಡಿ.

ಸುಮ್ನೆಓದುಗ
ನಾನು ಡಿಸೈನ್ ಗೊತ್ತಿಲ್ಲದವನು, ಬರೀ ಓದುತ್ತಿದ್ದೆ. ಒಂದು ಪ್ರಶ್ನೆ. ಇಷ್ಟು ಹೊತ್ತು ಅಂಟು, ಕತ್ತರಿ, ಮಾರ್ಜಿನ್ ಮಾತಾಡಿದಿರಿ. ಆ 16 ಪುಟದಲ್ಲಿ ಏನು ಬರೆದಿದೆ?

ಗ್ರಿಡ್‌ಗುಲಾಮ
ಮ್... ಬ್ಯಾಂಡಿನ ಫೋಟೊ ಆರು ಪುಟ. ಹಾಡಿನ ಸಾಹಿತ್ಯ ಐದು ಪುಟ. ಸದಸ್ಯರ ಪರಿಚಯ ಒಂದು. ಉಳಿದದ್ದು, ಹೇಗೆ ಹೇಳಲಿ, ಟೆಕ್ಸ್ಚರ್.

ಸುಮ್ನೆಓದುಗ
ನಾಲ್ಕು ಪುಟ ಬರೀ ಕಲೆಯಾ?!

ಮೂರುತಂತಿ
ಅಯ್ಯೋ ದೇವರೇ.

ಹಳೇಟೋನರ್
ಸುಮ್ನೆಓದುಗರಿಗೆ ಒಂದು ನಮಸ್ಕಾರ. ಕೇಳಬೇಕಾದದ್ದನ್ನು ಕೇಳಿದರು.

ಹಳೆಯ ಝೀನ್‌ಗಳಲ್ಲಿ ಖಾಲಿ ಜಾಗ ಯಾಕಿಲ್ಲ ಗೊತ್ತಾ? ಹೇಳುವುದು ಪುಟಕ್ಕಿಂತ ಜಾಸ್ತಿ ಇತ್ತು. ಕೊನೆಯ ಸಾಲು ಹಿಡಿಯದೆ ಅಂಚಿನಲ್ಲಿ ಅಡ್ಡಡ್ಡ ಬರೆದರು. ಟೈಪ್ ಮಾಡಿ ಅಂಟಿಸಿದ ಮೇಲೆ ಇನ್ನೊಂದು ಸುದ್ದಿ ಬಂತು, ಪೆನ್ನಿನಲ್ಲಿ ಬರೆದು ಬಾಣ ಹಾಕಿದರು. ನಿಮ್ಮ ಹತ್ತಿರ ಹೇಳುವುದು ಪುಟಕ್ಕಿಂತ ಕಡಿಮೆ ಇದೆ. ಹಾಗಾಗಿ ಕಲೆ ಹಾಕುತ್ತಿದ್ದೀರಿ.

ಮಡಿಕೆಪುಟ
ತಡವಾಗಿ ಬಂದೆ. ನನಗೆ ಪಂಕ್ ಝೀನ್ ಅಂದರೆ ಲಂಡನ್ ಅಲ್ಲ, ಅಮೆರಿಕದ ಎರಡು ಝೀನ್: 1991ರ 'ಬಿಕಿನಿ ಕಿಲ್' ಮತ್ತು ಅದಕ್ಕೂ ಮೊದಲು ಟೋಬಿ ವೇಲ್ 1988ರಲ್ಲಿ ಶುರು ಮಾಡಿದ 'ಜಿಗ್‌ಸಾ'. ರಾಯಿಟ್ ಗರ್ಲ್ ಅಂತ ಕರೆಸಿಕೊಂಡ ಆ ಹುಡುಗಿಯರ ಬಳಗದ ಝೀನ್‌ಗಳಲ್ಲಿ ಡೈರಿಯಲ್ಲಿ ಬರೆಯುವಂಥದ್ದು ಇರುತ್ತಿತ್ತು. ಶೋಗೆ ಹೋದರೆ ಮುಂದೆ ನಿಲ್ಲಲು ಬಿಡುವುದಿಲ್ಲ, ತಳ್ಳುತ್ತಾರೆ, ಕೈ ಹಾಕುತ್ತಾರೆ, ಇಂಥದ್ದು. ಅದನ್ನು ಓದುವಾಗ ಯಾವ ಫಾಂಟ್ ಅಂತ ಯಾರು ನೋಡುತ್ತಾರೆ?

ನಾನು ಮೊದಲ ಸಲ ಮಾಡಿದಾಗ ನನ್ನ ಕೈಬರಹ ಹಾಕಲು ಹಿಂಜರಿದೆ. ಕೋಳಿ ಕೆದಕಿದ ಹಾಗಿದೆ. ನಾಲ್ಕು ಸಲ ತಿದ್ದಿ ಬರೆದು, ಕೊನೆಗೆ ಮೊದಲನೆಯದನ್ನೇ ಅಂಟಿಸಿದೆ. ಓದಿದ ಒಬ್ಬಳು ಬಂದು, ನೀನು 'ಳ' ಬರೆಯುವುದು ನನ್ನ ಹಾಗೇ ಇದೆ ಅಂದಳು. ಆಮೇಲೆ ಗಂಟೆಗಟ್ಟಲೆ ಮಾತಾಡಿದೆವು. ಗುಲಾಮರೇ, ನಿಮಗೆ ಯಾವುದರ ಮೇಲೆ ಕೋಪ ಇದೆ? ಅದನ್ನು ಬರೆಯಿರಿ.

ಗ್ರಿಡ್‌ಗುಲಾಮ
ಕೋಪ ಮಾಡಿಕೊಳ್ಳುವ ಮನುಷ್ಯ ಅಲ್ಲ ನಾನು. ಯಾರು ಏನು ಹೇಳಿದರೂ "ಆಯ್ತು ಸರ್, ಸಂಜೆಯೊಳಗೆ ಕಳಿಸುತ್ತೇನೆ" ಅನ್ನುವವನು.

ಕತ್ತರಿಕೈ
ಸಿಕ್ಕಿತು ನಿಮ್ಮ ಮುಖಪುಟ.

ಮೂರುತಂತಿ
ಇದು ಹಾಡಿಗೂ ಆಗುತ್ತದೆ! ಎ, ಇ, ಜಿ. ಆಯ್ತು ಸರ್, ಆಯ್ತು ಸರ್, ಸಂಜೆಯೊಳಗೆ ಕಳಿಸುತ್ತೇನೆ.

ಅಂಟುಗೈ
ಈ ನಡುವೆ ಪಿನ್ ಬಗ್ಗೆ ಯಾರೂ ಹೇಳಲಿಲ್ಲ. ಮಾಮೂಲಿ ಸ್ಟೇಪ್ಲರ್ ಎ4 ಹಾಳೆಯ ನಡು ಮಡಿಕೆಯವರೆಗೆ ಮುಟ್ಟುವುದಿಲ್ಲ. ಉದ್ದ ಕೈಯ ಸ್ಟೇಪ್ಲರ್ ಇದ್ದರೆ ಸರಿ. ಇಲ್ಲದಿದ್ದರೆ ಸ್ಟೇಪ್ಲರ್ ಬಾಯಿ ಪೂರ್ತಿ ಬಿಚ್ಚಿ, ಹಾಳೆಗಳ ಕೆಳಗೆ ದಪ್ಪ ರಟ್ಟು ಇಟ್ಟು ಒತ್ತಿ. ಪಿನ್ ರಟ್ಟಿಗೆ ಚುಚ್ಚುತ್ತದೆ. ಮೆಲ್ಲಗೆ ಎತ್ತಿ, ಒಳಗಿನ ಎರಡು ಕಾಲನ್ನು ಚಮಚದ ಹಿಡಿಯಿಂದ ಮಡಿಸಿ. ಉಗುರಿನಿಂದ ಮಡಿಸಬೇಡಿ.

ಪೆನ್ಸಿಲ್‌ಮೊನೆ
ಉಗುರಿನಿಂದ ಮಡಿಸಿದವನು ಇಲ್ಲಿದ್ದಾನೆ. ನೂರು ಪ್ರತಿ. ಹೆಬ್ಬೆರಳು ಒಂದು ವಾರ ಊದಿತ್ತು.

ಬಣ್ಣದಕ್ಕ
ನೂಲು ಹಾಕಿ ಹೊಲಿಯಬಹುದಲ್ಲ. ಮಡಿಕೆಯಲ್ಲಿ ಮೂರು ತೂತು, ನಡುವಿನಿಂದ ಶುರು, ನಡುವಿನಲ್ಲೇ ಗಂಟು.

ಕತ್ತರಿಕೈ
ಅಕ್ಕಾ, ಪಂಕ್ ಝೀನ್. ಕಸೂತಿ ಅಲ್ಲ.

ಬಣ್ಣದಕ್ಕ
ಕಸೂತಿ ಹಾಕುವವರ ಕೈಯಲ್ಲಿ ಸೂಜಿ ಇರುತ್ತದೆ ತಮ್ಮಾ, ನೋಡಿ ಮಾತಾಡು.

ಗ್ರಿಡ್‌ಗುಲಾಮ
ಆರು ದಿನದ ನಂತರ ಬರೆಯುತ್ತಿದ್ದೇನೆ. ಆಗಿದೆ. ಹೇಗಾಯಿತು ಅಂತ ಹೇಳಿಬಿಡುತ್ತೇನೆ.

ಮಡಿಕೆಪುಟ ಅವರು ಕೇಳಿದ ಪ್ರಶ್ನೆ ತಲೆಯಲ್ಲಿ ಕೂತಿತ್ತು. ಹಳೆಯ ಕೆಲಸದ ಇಮೇಲ್‌ಗಳನ್ನು ತೆರೆದು ಓದುತ್ತ ಹೋದೆ. ಒಂದು ಸಾಲು ಬೇರೆ ಬೇರೆ ಜನರಿಂದ, ಬೇರೆ ಬೇರೆ ವರ್ಷ, ಮತ್ತೆ ಮತ್ತೆ ಬಂದಿತ್ತು. "ಲೋಗೋ ಸ್ವಲ್ಪ ದೊಡ್ಡದು ಮಾಡಿ." ಯಾರು ಕಳಿಸಿದರು ಅಂತ ಬೇಡ ಬಿಡಿ. ಡಿಸೈನ್ ಮಾಡುವ ಎಲ್ಲರಿಗೂ ಬಂದಿರುತ್ತದೆ.

ಅದನ್ನು ನನ್ನ ಕೈಯಲ್ಲೇ ಬರೆದೆ, ಸಣ್ಣಕ್ಷರದಲ್ಲಿ, ಬಾಲ್ ಪೆನ್ನಿನಲ್ಲಿ. ಜೆರಾಕ್ಸ್ ಮಷೀನಿನಲ್ಲಿಟ್ಟು 200 ಪರ್ಸೆಂಟ್ ಮಾಡಿದೆ. ಬಂದ ಕಾಪಿಯನ್ನು ಮತ್ತೆ 200. ಮತ್ತೆ 200. ಮೂರನೇ ಸಲಕ್ಕೆ ಸಾಲು ಪುಟದಲ್ಲಿ ಹಿಡಿಯಲಿಲ್ಲ, "ದೊಡ್ಡದು" ಮಾತ್ರ ಉಳಿಯಿತು. ಐದನೇ ಸಲಕ್ಕೆ "ಡ್ಡ". ಏಳನೇ ಸಲಕ್ಕೆ ಬರೀ ಆ ಡ ಒತ್ತು, ಪುಟ ತುಂಬ, ಒಂದು ಗುಡ್ಡದ ಹಾಗೆ. ಬಾಲ್ ಪೆನ್ನಿನ ಗೆರೆ ಒಡೆದು ನಡುವೆ ಬಿಳಿ ಬಿರುಕು. ಅಂಚಿನಲ್ಲಿ ಟೋನರ್ ಪುಡಿ ಮಣ್ಣು ಚೆಲ್ಲಿದ ಹಾಗೆ. ಆ ಅಂಚನ್ನು ನಾನು ಮಾಡಿದ್ದಲ್ಲ. ಎಷ್ಟೋ ಹೊತ್ತು ನೋಡುತ್ತ ನಿಂತೆ. ಹಿಂದೆ ಕಾಯುತ್ತಿದ್ದವರು ಕೆಮ್ಮಿದರು.

ಏಳು ಪುಟ ಅದೇ. ಉಳಿದದ್ದರಲ್ಲಿ ಹಾಡುಗಳು, ಮೂವರೂ ತಮ್ಮ ತಮ್ಮ ಕೈಯಲ್ಲಿ ಬರೆದದ್ದು. ಡ್ರಮ್ಮರ್ ತನ್ನ ಪುಟದಲ್ಲಿ ಮನೆ ಮಾಲೀಕನ ಮೇಲೆ ಏನೋ ಬರೆದು, ಅರ್ಧಕ್ಕೆ ಸಿಟ್ಟು ಬಂದು ಪೆನ್ನಿನಿಂದ ಕಾಗದ ತೂತು ಮಾಡಿದ್ದಾನೆ. ಆ ತೂತು ಕಪ್ಪು ಚುಕ್ಕೆಯಾಗಿ ಬಂದಿದೆ. ಮುಟ್ಟಲಿಲ್ಲ. ಗಡಿಯಾರದ ಉಪಾಯ ಮೊದಲ ನಾಲ್ಕು ಪುಟಕ್ಕೆ ಬೇಕಾಯಿತು, ಆಮೇಲೆ ಮರೆತೇ ಹೋಯಿತು. ಪುಟದ ನಂಬರ್‌ಗಳನ್ನು ಮಾತ್ರ ಅಲೈನ್ ಮಾಡಿದ್ದೇನೆ. ಅದೊಂದನ್ನು ಬಿಡಿ ನನಗೆ.

ಟೀಕೆರಾಯ
ಪುಟದ ನಂಬರ್ ಅಲೈನ್ ಮಾಡಿದ್ದು ನನಗೆ ಇಷ್ಟವಾಯಿತು. ಇದರಲ್ಲಿ ಅಪ್ಪಟ ಪಂಕ್ ಅಂದರೆ ಅದೇ.

ಒತ್ತಕ್ಷರ
ಒತ್ತು ಪುಟ ತುಂಬ ನಿಂತಿದೆ ಅಂತ ಓದಿ ಕಣ್ಣಲ್ಲಿ ನೀರು ಬಂತು. ನನ್ನ ಹೆಸರು ಸಾರ್ಥಕ.

ಮಡಿಕೆಪುಟ
ಡ್ರಮ್ಮರ್ ಏನಂದ?

ಗ್ರಿಡ್‌ಗುಲಾಮ
ಓದಿದ. ಮೊದಲಿನಿಂದ ಕೊನೆಯವರೆಗೆ, ನಿಂತುಕೊಂಡೇ. ಆಮೇಲೆ, "ಇದು ತಲೆಕೆಳಗಾಗಿದೆ" ಅಂದ.

ನೋಡಿದರೆ ನಿಜ. ಮೂರನೇ ಹಾಳೆಯ ಬೆನ್ನನ್ನು ಅಚ್ಚು ಹಾಕುವಾಗ ಹಾಳೆಗಳನ್ನು ತಿರುಗಿಸಿ ಇಟ್ಟಿದ್ದೇನೆ. 6 ಮತ್ತು 11ನೇ ಪುಟ ಎರಡೂ ತಲೆಕೆಳಗು. ಜಾಗವೂ ಅದಲುಬದಲು. 80 ಪ್ರತಿಯಲ್ಲಿ 35 ಹೀಗೆ.

ಅಂಟುಗೈ
"ನಿದ್ದೆಯಲ್ಲೂ ಬರುತ್ತದೆ." ಬರೆದಿಟ್ಟುಕೊಂಡಿದ್ದೆ.

ಗ್ರಿಡ್‌ಗುಲಾಮ
ಲೆಕ್ಕ ಸರಿಯಾಗೇ ಇದೆ ಸರ್! 6 ಮತ್ತು 11 ಕೂಡಿದರೆ 17!

ಸುಮ್ನೆಓದುಗ
ತಲೆಕೆಳಗೆ ಇಟ್ಟರೂ 17 ತಾನೇ.

ಬಣ್ಣದಕ್ಕ
ಮತ್ತೆ ಅಚ್ಚು ಹಾಕುತ್ತೀರಾ?

ಗ್ರಿಡ್‌ಗುಲಾಮ
ಹಾಕಬೇಕು ಅಂತ ಹೊರಟೆ. ಗಿಟಾರ್‌ನವಳು 35ನ್ನೂ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಇವನ್ನೇ ಮೊದಲು ಹಂಚುತ್ತೇವೆ ಅಂದಳು. ನಾನು ರಾತ್ರಿ ಎರಡು ಗಂಟೆಯವರೆಗೆ ಮಲಗಿರಲಿಲ್ಲ, ಸುಳ್ಳು ಹೇಳುವುದಿಲ್ಲ.

ಪೆನ್ಸಿಲ್‌ಮೊನೆ
ಪಿಡಿಎಫ್ ಹಾಕಿ ಇಲ್ಲಿ, ನಾವೂ ನೋಡುತ್ತೇವೆ.

ಗ್ರಿಡ್‌ಗುಲಾಮ
ಪಿಡಿಎಫ್ ಇಲ್ಲ. ಮೂಲ ಪುಟಗಳನ್ನು ಡ್ರಮ್ಮರ್ ಒಯ್ದಿದ್ದಾನೆ. ತೂತು ಇರುವ ಪುಟವನ್ನು ಗೋಡೆಗೆ ಹಾಕಿಕೊಂಡಿದ್ದಾನಂತೆ, ಮಾಲೀಕ ಬಂದರೆ ಕಾಣುವ ಹಾಗೆ.

ಹಳೇಟೋನರ್
ನನಗೊಂದು ಪ್ರತಿ ತೆಗೆದಿಡಿ. ತಲೆಕೆಳಗಾದದ್ದೇ ಬೇಕು.

ಟೀಕೆರಾಯ
ನನಗೆ ಸರಿಯಾದದ್ದು.